ಕುಕ್ಕರ್ ಒಂದು ಕೂಗು ಕೂಗಿದರೆ ಸಾಕು, ಉರಿ ಸಣ್ಣ ಮಾಡಿ
ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ ಕುಕ್ಕರ್‌ಗೆ ಇಡಿ, ಮೊದಲ ಕೂಗು ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ, ಐದಾರು ನಿಮಿಷ ಬಿಟ್ಟು ಆರಿಸಿ, ಆವಿ ತಾನಾಗೇ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಕೂಗು ಬರುವ ಹೊತ್ತಿಗೆ ಒಳಗೆ ಸುಮಾರು 120 ಡಿಗ್ರಿ ಆಗಿರುತ್ತದೆ, ಆಮೇಲೆ ಎಷ್ಟೇ ಉರಿ ಜಾಸ್ತಿ ಮಾಡಿದರೂ ಶಾಖ ಏರುವುದಿಲ್ಲ, ಸುಮ್ನೆ ಆವಿಯಾಗಿ ಹೊರಗೆ ಹೋಗುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಹತ್ತಿರ ಹತ್ತಿರ 3 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ದಿನಾ ಸಾರು ಮಾಡುವ ಮನೆಗೆ ಇದು ಸಣ್ಣ ಲೆಕ್ಕವಲ್ಲ ಅಲ್ವಾ? ಆದರೆ ನಮ್ಮ ಚಿತ್ರದುರ್ಗದ ಕಡೆ ಬೋರ್‌ವೆಲ್‌ನ ಗಡಸು ನೀರಿಗೆ ಇದು ನಡೆಯುವುದಿಲ್ಲ, ಬೇಳೆ ಕಾಳುಕಾಳಾಗೇ ಉಳಿಯುತ್ತದೆ. ಬೇಳೆಗೆ ಮಾತ್ರ ನಲ್ಲಿ ನೀರು ಹಾಕಿ. ವರ್ಷದ ಹಳೆ ಬೇಳೆಗೂ ಇಷ್ಟು ಹೊತ್ತು ಸಾಲದು.