ಕಾಪರ್-ಟಿ ತೆಗೆಸಿದ ಮೇಲೆ ಎರಡನೇ ಮಗು: ನನ್ನ ಅನುಭವ

'ವಂಕಿ ಹಾಕಿಸ್ಕೊಂಡ್ರೆ ಗರ್ಭಕೋಶ ಕೆಡುತ್ತೆ ಕಣಮ್ಮ, ಆಮೇಲೆ ಮಕ್ಕಳಾಗಲ್ಲ' ಎಂದು ನಮ್ಮತ್ತೆ ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಈ ಭಯದ ಮಾತು ಹೋದ ಮನೆಯಲ್ಲೆಲ್ಲ ಕೇಳುತ್ತೇನೆ.

ಮೊದಲನೇ ಮಗುವಿಗೂ ಎರಡನೆಯದಕ್ಕೂ ಮೂರು ವರ್ಷವಾದರೂ ಅಂತರ ಬೇಕು ಎಂದು ನಾನು, ನಮ್ಮನೆಯವರು ಮಾತಾಡಿಕೊಂಡಿದ್ದೆವು. ನಾನು ಆರಿಸಿಕೊಂಡಿದ್ದು ಕಾಪರ್-ಟಿ 380ಎ. ನಮ್ಮತ್ತೆ ವಂಕಿ ಎಂದಿದ್ದು ಇದನ್ನೇ, ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ. ಹತ್ತು ವರ್ಷ ಇರುತ್ತದೆ, ಬೇಡವೆಂದ ದಿನ ತೆಗೆಸಬಹುದು, ಎದೆಹಾಲಿಗೂ ತೊಂದರೆಯಿಲ್ಲ. ಅದರ ತಾಮ್ರ ವೀರ್ಯಾಣುಗಳ ಶಕ್ತಿ ಕುಗ್ಗಿಸುತ್ತದೆ. ಅಂಡ ಮಾತ್ರ ತಿಂಗಳು ತಿಂಗಳು ಬಿಡುಗಡೆಯಾಗುತ್ತಲೇ ಇರುತ್ತದೆ. ಹಾಗಾಗಿ ತೆಗೆಸಿದ ತಿಂಗಳೇ ಬಸಿರು ನಿಲ್ಲಲೂಬಹುದು.

ಹಾಕುವ ಮೊದಲು ಡಾಕ್ಟರು ಸೋಂಕು ಇದೆಯಾ ಎಂದು ನೋಡಿದರು. ಇದು ತುಂಬಾ ಮುಖ್ಯ. ಗರ್ಭನಾಳ ಕಟ್ಟಿಕೊಂಡು ಮಕ್ಕಳಾಗದೆ ಹೋಗುವುದು ಹೆಚ್ಚಾಗಿ ಚಿಕಿತ್ಸೆಯಿಲ್ಲದೆ ಬಿಟ್ಟ ಸೋಂಕಿನಿಂದ. ವಾಸನೆ ಬರುವ ಬಿಳಿಸೆರಗು, ಕಿಬ್ಬೊಟ್ಟೆ ನೋವು ಇದ್ದರೆ ಮೊದಲು ಅದನ್ನು ವಾಸಿ ಮಾಡಿಸಿಕೊಳ್ಳಿ. ಶುರುವಿನ ಕೆಲವು ತಿಂಗಳು ನನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿತ್ತು, ಆಮೇಲೆ ಸರಿಹೋಯಿತು.

ತೆಗೆಸಿದ್ದು ಬಲು ಸುಲಭ. 'ಕೆಮ್ಮಿ' ಎಂದರು, ದಾರ ಹಿಡಿದು ಎಳೆದರು. ಒಮ್ಮೆ ಚುಳ್ ಎಂದಿತು, ಅಷ್ಟೇ. ಟ್ರೇಯಲ್ಲಿ ಬಿದ್ದಿದ್ದ ಪುಟ್ಟ ಟಿ, ಅದರ ತಾಮ್ರದ ತಂತಿ ಕಪ್ಪಗಾಗಿತ್ತು. ಫೋಲಿಕ್ ಆಸಿಡ್ ಮಾತ್ರೆ ಮೊದಲೇ ಶುರು ಮಾಡಿದ್ದೆ. ಕೆಲವೇ ತಿಂಗಳಲ್ಲಿ ಮುಟ್ಟು ನಿಂತಿತು, ತಾಯಿ ಕಾರ್ಡ್ ಮಾಡಿಸಿದೆ.

ಬಸಿರು ತಡೆಯುವ ಅಂತರಾ ಇಂಜೆಕ್ಷನ್ ನಾನು ಬೇಡವೆಂದಿದ್ದಕ್ಕೆ ಕಾರಣ ಇದೆ. ಮೂರು ತಿಂಗಳಿಗೊಮ್ಮೆ ಕೊಡುವ ಆ ಔಷಧ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ಕೊನೆಯ ಇಂಜೆಕ್ಷನ್ ಆದ ಮೇಲೆ ಬಸಿರು ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹೆಣ್ಣುಮಕ್ಕಳು ಬಂಜೆತನ ಬಂತೆಂದು ಹೆದರುತ್ತಾರೆ. ನಾನೀಗ ಯಾರಿಗೇ ಕೊಡುವಾಗಲೂ 'ಮುಂದಿನ ಮಗು ಯಾವಾಗ ಬೇಕು?' ಎಂದು ಕೇಳಿಯೇ ಕೊಡುತ್ತೇನೆ. ಒಂದು ವರ್ಷದೊಳಗೆ ಬೇಕೆನ್ನುವವರಿಗೆ ಇದು ಹೊಂದುವುದಿಲ್ಲ.

ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ನಿಲ್ಲಿಸಿದರೆ ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಪಿಸಿಒಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇರುವವರ ಕಥೆ ಬೇರೆ. ಮಾತ್ರೆ ತಿನ್ನುವಷ್ಟು ದಿನ ಮುಟ್ಟು ಸರಿಯಾಗಿ ಬರುತ್ತದೆ, ಬಿಟ್ಟ ಮೇಲೆ ಹಳೆಯ ಏರುಪೇರು ಮತ್ತೆ ಕಾಣಿಸುತ್ತದೆ. ಸುಮ್ನೆ ಮಾತ್ರೆಯನ್ನು ಬೈಯುತ್ತಾರೆ, ತೊಂದರೆ ಮೊದಲಿನಿಂದಲೂ ಇತ್ತು ಅಲ್ವಾ? ವಯಸ್ಸೂ ಹಾಗೇ. 27ಕ್ಕೆ ಹಾಕಿಸಿ 36ಕ್ಕೆ ತೆಗೆಸಿದರೆ ಬಸಿರು ತಡವಾಗುವುದು ವಯಸ್ಸಿನಿಂದ, ಕಾಪರ್-ಟಿಯಿಂದ ಅಲ್ಲ.

ಕಾಪರ್-ಟಿ ತೆಗೆಸಿ ಅಥವಾ ಮಾತ್ರೆ ಬಿಟ್ಟು ವರ್ಷವಾದರೂ ಬಸಿರು ನಿಲ್ಲದಿದ್ದರೆ, 35 ದಾಟಿದ್ದರೆ ಆರು ತಿಂಗಳಿಗೇ, ಡಾಕ್ಟರ ಹತ್ತಿರ ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ. ಅವರ ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ನೋವೂ ಇಲ್ಲ. ಅದನ್ನು ಮೊದಲೇ ಮಾಡಿಸಿ.