ಚೈನ್ ಸಾ ಬಾರ್‌ಗೆ ಆಯಿಲ್ ಬರ್ತಿಲ್ವಾ? ಪಂಪ್ ಬದಲಾಯ್ಸೋಕೆ ಮುಂಚೆ ಇಷ್ಟು ನೋಡ್ಕೊಳಿ

ನಮ್ ತೋಟ ಗುಬ್ಬಿ ಕಡೆ, ತೆಂಗೇ ಜಾಸ್ತಿ, ಬದುವಿನ ಮೇಲೆ ನಾಕು ಹುಣಸೆ ಮರ. ಹೋದ್ ವರ್ಷ ಗಾಳಿಗೆ ಬಿದ್ದ ತೆಂಗಿನ ಮರ ತುಂಡು ಮಾಡ್ತಿದ್ದಾಗ ಚೈನ್ ಸಾ ಬಾರ್ (ಚೈನ್ ಸುತ್ತೋ ಉದ್ದನೆ ಉಕ್ಕಿನ ಅಲಗು) ಮೇಲೆ ಹೊಗೆ ಬರೋಕೆ ಶುರುವಾಯ್ತು, ನೋಡಿದ್ರೆ ಪೆಟ್ರೋಲ್ ಒಂದ್ ಟ್ಯಾಂಕ್ ಖಾಲಿ, ಚೈನ್ ಆಯಿಲ್ ಮಾತ್ರ ಬೆಳಗ್ಗೆ ತುಂಬಿಸಿದ್ದು ತುಂಬಿಸಿದಂಗೇ ಐತೆ. ತುಮಕೂರಿಗೆ ತಗೊಂಡೋದೆ. ಅಂಗಡಿಯವ್ನು ಬಿಚ್ಚಿ ನೋಡೋಕೂ ಮುಂಚೆನೇ ಆಯಿಲ್ ಪಂಪ್ ಹೋಗಿದೆ ಸಾರ್ ಅಂದ, ಸರಿ ಹಾಕಪ್ಪ ಅಂದೆ, ದುಡ್ಡು ಕೊಟ್ಟು ಬಂದೆ, ಎರಡನೇ ತುಂಡಿಗೆ ಮತ್ತೆ ಅದೇ ಹೊಗೆ. ಕೊನೆಗೆ ಸಿಕ್ಕಿದ್ದೇನು ಅಂದ್ರೆ ಬಾರಿನ ಬುಡದಲ್ಲಿ ಇರೋ ಸಣ್ಣ ಆಯಿಲ್ ತೂತಲ್ಲಿ ತೆಂಗಿನ ನಾರೂ ಆಯಿಲೂ ಸೇರಿ ಕಪ್ಪಗೆ ಗಟ್ಟಿ ಆಗಿ ಕೂತಿತ್ತು, ಸೇಫ್ಟಿ ಪಿನ್ ಹಾಕಿ ಎಳೆದ್ರೆ ಬೀಡಿ ತುಂಡಿನಂಗೆ ಆಚೆ ಬಂತು. ಅಷ್ಟೇಯ. ಅದಕ್ಕೆ ಹೇಳೋದು, ಕಾಸು ಖರ್ಚಿಲ್ಲದೆ ಆಗೋದೆಲ್ಲ ಮೊದಲು ಮಾಡಿ, ಪಂಪ್ ಕಡೆಗೆ ಇರ್ಲಿ.

ಮೊದಲು ಒಂದು ತಿಳ್ಕೊಳಿ, ಈ ಆಯಿಲ್ ಇಂಜಿನ್ ಆಯಿಲ್ ಥರ ಒಳಗೇ ಸುತ್ತೋದಲ್ಲ, ಬಾರಿಗೆ ಬಂತು, ಚೈನ್ ಜೊತೆ ಒಂದ್ ಸುತ್ತು ಹೋಯ್ತು, ಆಚೆ ಹಾರೋಯ್ತು. ಹಂಗಾಗಿ ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯೋ ಹೊತ್ತಿಗೆ ಆಯಿಲ್ ಟ್ಯಾಂಕೂ ತಳ ಕಾಣ್ಬೇಕು, ಸ್ವಲ್ಪ ಉಳಿದಿದ್ರೆ ಸರಿ, ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಅಂದ್ರೆ ಎಲ್ಲೋ ಅಡ್ಡ ಇದೆ ಅಂತ. ಇನ್ನೊಂದು ಟೆಸ್ಟು, ಒಂದು ರಟ್ಟಿನ ಡಬ್ಬದ ತುಂಡು ನೆಲಕ್ಕೆ ಹಾಕಿ ಬಾರ್ ತುದಿನ ಅದರಿಂದ ಒಂದ್ ಗೇಣು ಮೇಲೆ ಹಿಡಿದು ಅರ್ಧ ಮುಕ್ಕಾಲು ರೇಸ್ ಕೊಡಿ. ರಟ್ಟಿನ ಮೇಲೆ ಸಣ್ಣ ಸಣ್ಣ ಹನಿ ಗೆರೆ ಥರ ಬೀಳ್ಬೇಕು. ಚೈನ್ ನೆಲಕ್ಕೆ ತಾಗಿಸ್ಬೇಡಿ, ಒಂದ್ ಸೆಕೆಂಡ್ ಮಣ್ಣು ತಾಗಿದ್ರೆ ಸಾಕು ಸಾಣೆ ಎಲ್ಲ ಹೋಯ್ತು.

ಹನಿ ಬೀಳ್ಲಿಲ್ವಾ, ಮಿಷನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತಿಡಿ, ಕೈಗೆ ದಪ್ಪ ಗ್ಲೌಸ್ ಹಾಕ್ಕೊಳಿ. ಕವರ್ ಬಿಚ್ಚೋಕೆ ಮುಂಚೆ ಚೈನ್ ಬ್ರೇಕ್ (ಮುಂದಿನ ಹಿಡಿ ಎದುರಿಗಿರೋ ಹಲಗೆ, ಮುಂದಕ್ಕೆ ತಳ್ಳಿದ್ರೆ ಚೈನ್ ನಿಲ್ಸುತ್ತೆ) ಹಿಂದಕ್ಕೆ ಎಳೆದು ಬಿಟ್ಟಿರ್ಬೇಕು, ಯಾಕಂದ್ರೆ ಎಷ್ಟೋ ಮಿಷನ್‌ಗಳಲ್ಲಿ ಬ್ರೇಕ್ ಪಟ್ಟಿ ಕವರ್ ಒಳಗೇ ಇರುತ್ತೆ, ಬ್ರೇಕ್ ಬಿದ್ದಿರೋವಾಗ ಬಿಚ್ಚಿದ್ರೆ ಪಟ್ಟಿ ಮುದುಡ್ಕೊಂಡು ವಾಪಸ್ ಕ್ಲಚ್ ಡ್ರಮ್ ಮೇಲೆ ಕೂರೋದೇ ಇಲ್ಲ, ಅರ್ಧ ಗಂಟೆ ಒದ್ದಾಡ್ತೀರ (ನಾನು ಒದ್ದಾಡಿದೀನಿ). ಎರಡು ನಟ್ ಬಿಚ್ಚಿ, ಬಾರ್ ಚೈನ್ ತೆಗೀರಿ. ಬಾರಿನ ಬುಡದಲ್ಲಿ ಎರಡೂ ಕಡೆ ಆಯಿಲ್ ತೂತು ಇರುತ್ತೆ, ತಂತಿ ಹಾಕಿ ಚುಚ್ಚಿ, ಆಚೆ ಬೆಳಕು ಕಾಣೋವರೆಗೂ. ಬಾರಿನ ಅಂಚಲ್ಲಿ ಚೈನ್ ಓಡೋ ಸೀಳನ್ನ ಹಳೇ ಆಕ್ಸಾ ಬ್ಲೇಡ್ ತುಂಡಲ್ಲಿ ಬುಡದಿಂದ ತುದಿವರೆಗೂ ಕೆರೀರಿ, ಬ್ಲೇಡ್ ಹಲ್ಲು ಅಗಲ ಆಗಿ ಒಳಗೆ ಹೋಗ್ಲಿಲ್ಲ ಅಂದ್ರೆ ಅದನ್ನ ಉಜ್ಜಿ ತೆಗೆದುಬಿಡಿ. ಎಷ್ಟು ಕೊಳೆ ಬರುತ್ತೆ ನೋಡಿ ನಿಮಗೇ ನಾಚಿಕೆ ಆಗುತ್ತೆ. ಮಿಷನ್ ಬಾಡಿ ಮೇಲೆ ಬಾರ್ ಕೂರೋ ಜಾಗದಲ್ಲಿ ಆಯಿಲ್ ಆಚೆ ಬರೋ ಬಾಯಿನೂ ಒರೆಸಿ. ವಾಪಸ್ ಹಾಕೋವಾಗ ಬಾರ್ ತಿರುಗಿಸಿ ಹಾಕಿ, ಮೇಲಿನ ಅಂಚು ಕೆಳಗೆ ಬರಂಗೆ, ಸವೆತ ಎರಡೂ ಕಡೆ ಸಮ ಆಗುತ್ತೆ.

ತೆಂಗು ಅಡಿಕೆ ಕೊಯ್ಯೋರಿಗೆ ಈ ಕೆಲಸ ದಿನಾಲೂ ಬೇಕು, ನಾರು ಆಯಿಲ್ ಕುಡ್ಕೊಂಡು ಕವರ್ ಒಳಗೆ ಮೆತ್ತೆ ಥರ ಕೂತ್ಬಿಡುತ್ತೆ. ನೀಲಗಿರಿ, ಸಿಲ್ವರ್ ಓಕ್ ಮರ ಕೊಯ್ಯೋರು ಎರಡು ದಿನಕ್ಕೊಮ್ಮೆ ಮಾಡಿದ್ರೂ ನಡಿಯುತ್ತೆ.

ಕ್ಲೀನ್ ಮಾಡಿದ್ರೂ ಬರ್ಲಿಲ್ಲ ಅಂದ್ರೆ ತೊಂದ್ರೆ ಬಾರಲ್ಲೋ ಮಿಷನಲ್ಲೋ ಅಂತ ಮೊದ್ಲು ಗೊತ್ತಾಗ್ಬೇಕು. ಮೆಕ್ಯಾನಿಕ್‌ಗಳು ಬಾರ್ ಚೈನ್ ಇಲ್ದೆ ಮಿಷನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಆ ಬಾಯಲ್ಲಿ ಆಯಿಲ್ ಜಿನುಗುತ್ತಾ ನೋಡ್ತಾರೆ. ಅಲ್ಲಿ ಕ್ಲಚ್ ಬರೀ ಮೈಲಿ ತಿರುಗ್ತಿರುತ್ತೆ, ಕೈಯಾಗ್ಲಿ ಬಟ್ಟೆಯಾಗ್ಲಿ ಅದರ ಹತ್ರ ಹೋಗ್ಬಾರ್ದು, ಪಂಚೆ ಲುಂಗಿಲಿ ಇದ್ರೆ ಮಾಡ್ಲೇಬೇಡಿ. ಅಲ್ಲಿ ಬಂದು ಬಾರಲ್ಲಿ ಬರ್ತಿಲ್ಲ ಅಂದ್ರೆ ಬಾರೇ ಕಾರಣ. ಅಲ್ಲೂ ಬರ್ತಿಲ್ಲ ಅಂದ್ರೆ ಮಿಷನ್ ತಳದಲ್ಲಿ ಆಯಿಲ್ ಅಡ್ಜಸ್ಟ್ ಮಾಡೋ ಸಣ್ಣ ಸ್ಕ್ರೂ ಇದೆಯಾ ನೋಡಿ, ಯಾರೋ ಪೂರ್ತಿ ಕಮ್ಮಿ ಮಾಡಿಟ್ಟಿರ್ತಾರೆ. ಆಮೇಲೆ ಆಯಿಲ್ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಓಡಿಸಿ, ಆಗ ಬಂದ್ರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಮುಚ್ಚಿದೆ ಅಂತ ಅರ್ಥ, ಬಾಟ್ಲಿ ತಲೆಕೆಳಗೆ ಮಾಡಿದ್ರೆ ನೀರು ಗುಳುಗುಳು ಅಂತ ನಿಂತು ನಿಂತು ಬೀಳಲ್ವಾ ಅದೇ ಕಥೆ. ಅದೂ ಅಲ್ಲಾಂದ್ರೆ ಟ್ಯಾಂಕ್ ಒಳಗಿನ ಪೈಪ್ ತುದಿಲಿರೋ ಫಿಲ್ಟರ್‌ನ ಕೊಕ್ಕೆ ಹಾಕಿ ಎಳ್ಕೊಂಡು ಪೆಟ್ರೋಲಲ್ಲಿ ತೊಳೀರಿ, ಹಂಗೇ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ, ಬಿರುಕಿದ್ರೆ ಗಾಳಿ ಎಳ್ಕೊಳುತ್ತೆ, ಆಯಿಲ್ ಅಲ್ಲ.

ಫಿಲ್ಟರ್ ಕಟ್ಟೋದಕ್ಕೆ ಮುಖ್ಯ ಕಾರಣ ನಮ್ ಕಡೆ ಎಲ್ಲರೂ ಹಾಕೋ ಸುಟ್ಟ ಆಯಿಲ್. ಟ್ರಾಕ್ಟರ್‌ದು ಬೈಕ್‌ದು ಇಳಿಸಿದ್ದು ಸುಮ್ನೆ ಸಿಗುತ್ತೆ ಅಂತ ಹಾಕ್ತಾರೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ, ಪಂಪ್ ಸವೆಯುತ್ತೆ, ಅಂಟು ಇರಲ್ಲ ಹಂಗಾಗಿ ಚೈನ್ ಮೇಲೆ ನಿಲ್ಲಲ್ಲ, ಮೇಲಾಗಿ ಆ ಹನಿ ದಿನವಿಡೀ ಮೈಗೆ ಹಾರ್ತಿರುತ್ತೆ, ಚರ್ಮಕ್ಕೆ ಒಳ್ಳೇದಲ್ಲ. ಬಾರ್ ಆಯಿಲ್ ಸಿಕ್ಕಿದ್ರೆ ಅದೇ ಹಾಕಿ, ಸಿಗ್ಲಿಲ್ಲ ಅಂದ್ರೆ ಹೊಸಾ 20ಡಬ್ಲ್ಯೂ-40 ಇಂಜಿನ್ ಆಯಿಲ್ ಹಾಕಿ ಕೆಲಸ ಮುಗಿಸ್ಕೊಳಿ. ಅಡಿಗೆ ಎಣ್ಣೆ ಹಾಕಿ ಎರಡು ತಿಂಗಳು ಮೂಲೆಗಿಟ್ರೆ ಒಳಗೆಲ್ಲ ಗೋಂದು. ಚಿಕ್ಕಬಳ್ಳಾಪುರ ನಂದಿ ಕಡೆಯೋರಿಗೆ ಡಿಸೆಂಬರ್ ಜನವರಿ ಬೆಳಗಿನ ಚಳಿಗೆ ಆಯಿಲ್ ಮಂದ ಆಗಿ ಲೇಟಾಗಿ ಬರೋದೂ ಉಂಟು, ಡಬ್ಬ ಒಂದರ್ಧ ಗಂಟೆ ಬಿಸಿಲಿಗಿಡಿ.

ಇಷ್ಟೆಲ್ಲ ಆದ್ಮೇಲೆ ಪಂಪ್. ಅಲ್ಲೂ ಪಂಪ್‌ಗಿಂತ ಅದನ್ನ ತಿರುಗಿಸೋ ವರ್ಮ್ ಗೇರ್ ಮೊದಲು ಹೋಗೋದು, ಕ್ಲಚ್ ಹಿಂದೆ ಇರುತ್ತೆ, ಸುಮಾರು ಮಿಷನಲ್ಲಿ ಪ್ಲಾಸ್ಟಿಕ್, ಬ್ರೇಕ್ ಬಿದ್ದಿರೋದು ನೋಡ್ದೆ ರೇಸ್ ಕೊಟ್ರೆ ಕ್ಲಚ್ ಕಾದು ಅದು ಕರಗುತ್ತೆ. ಕ್ಲಚ್ ಹೊರಗಡೆ ಕಾಣೋ ಮಿಷನಲ್ಲಿ ಅದನ್ನ ಬಿಚ್ಚೋಕೆ ಗಡಿಯಾರದ ದಿಕ್ಕಿಗೇ ತಿರುಗಿಸ್ಬೇಕು, ಉಲ್ಟಾ ಥ್ರೆಡ್, ಗೊತ್ತಿಲ್ದೆ ಸುತ್ತಿಗೆಲಿ ಹೊಡೆದು ಹಾಳು ಮಾಡಿರೋರನ್ನ ನೋಡಿದೀನಿ. ನನ್ನ ಹಳೇ ಪಂಪ್ ಚಿಕ್ಕಪ್ಪನ ಮಿಷನ್‌ಗೆ ಹಾಕಿದ್ವಿ, ಇವತ್ತಿಗೂ ಓಡ್ತೈತೆ.

ಇನ್ನು ಚೈನ್ ವಿಷಯ. ಆಯಿಲ್ ಸರಿಯಾಗಿ ಬರ್ತಿದ್ರೂ ಹೊಗೆ ಬರುತ್ತೆ ಅಂದ್ರೆ ಹಲ್ಲು ಮೊಂಡಾಗಿದೆ, ಮರ ಕೊಯ್ತಿಲ್ಲ, ಉಜ್ತಿದೆ. ಬೀಳೋ ಹೊಟ್ಟು ನೋಡಿ, ಅವಲಕ್ಕಿ ಥರ ಚೂರು ಬಿದ್ರೆ ಹಲ್ಲು ಚೆನ್ನಾಗಿದೆ, ಹಿಟ್ಟಿನ ಥರ ಬಿದ್ರೆ ಅರ ಹಾಕ್ಬೇಕು. 2017ರಲ್ಲಿ ನೀಲಗಿರಿ ನೆಡೋದು ನಿಷೇಧ ಆದ್ಮೇಲೆ ಕೋಲಾರದ ಕಡೆ ತೋಪು ತೆಗೆದು ಬೊಡ್ಡೆ ಕೊಯ್ಯೋರಿಗಂತೂ ಈ ಕೆಂಪು ಮಣ್ಣು ದಿನಕ್ಕೆ ಮೂರು ಸಲ ಅರ ಹಾಕ್ಸುತ್ತೆ, ಬುಡದ ಮಣ್ಣು ಸಲಿಕೆಲಿ ಕೆರೆದು ಆಮೇಲೆ ಬಾರ್ ಇಡಿ. .325 ಇಂಚು ಪಿಚ್ (ಕೊಂಡಿಗಳ ನಡುವಿನ ಅಳತೆ) ಇರೋ ಚೈನ್‌ಗೆ 4.8 ಎಂಎಂ ದುಂಡು ಅರ, ಸಣ್ಣ ಮಿಷನ್‌ನ 3/8 ಇಂಚು ಗಿಡ್ಡ ಹಲ್ಲಿನ ಲೋ ಪ್ರೊಫೈಲ್‌ಗೆ 4 ಎಂಎಂ. ಹಲ್ಲಿನ ಮೇಲೆ ಗೆರೆ ಇರುತ್ತೆ, ಸಾಮಾನ್ಯ 30 ಡಿಗ್ರಿ, ಒಳಗಿಂದ ಹೊರಕ್ಕೆ ಮಾತ್ರ ತಳ್ಳಿ, ಎಲ್ಲಾ ಹಲ್ಲಿಗೂ ಎಣಿಸಿ ಅಷ್ಟೇ ಸಲ. ಹಲ್ಲಿನ ಮುಂದಿರೋ ಗುಬುಟು ಹಲ್ಲಿಗಿಂತ ಸುಮಾರು 0.65 ಎಂಎಂ ತಗ್ಗಿರ್ಬೇಕು, ಹತ್ರ ಹತ್ರ ಆಕ್ಸಾ ಬ್ಲೇಡಿನ ದಪ್ಪ. ಅಂದಹಾಗೆ ಈ ಬಾಗಿದ ಹಲ್ಲಿನ ಆಕಾರ ಅಮೆರಿಕಾದಲ್ಲಿ ಜೋಸೆಫ್ ಕಾಕ್ಸ್ ಅನ್ನೋನು 1940ರ ದಶಕದಲ್ಲಿ ಮರ ಕೊರೆಯೋ ಹುಳದ ದವಡೆ ನೋಡಿ ಮಾಡಿದ್ದು, ನಾವು ತೆಂಗಲ್ಲಿ ಹುಳ ಕಂಡ್ರೆ ಬೈಕೊಳ್ತೀವಿ ಅಷ್ಟೇ.

ಕೊಯ್ತಾ ಕೊಯ್ತಾ ಒಂದು ಪಕ್ಕಕ್ಕೆ ಬಾಗಿ ಹೋದ್ರೆ ಒಂದು ಕಡೆ ಹಲ್ಲು ಗಿಡ್ಡ ಅಥವಾ ಬಾರಿನ ಒಂದು ಅಂಚು ಸವೆದಿದೆ. ಅಂಚಲ್ಲಿ ಬೆರಳು ಸವರಿದ್ರೆ ಮುಳ್ಳು ಥರ ಸಿಗೋದನ್ನ ಚಪ್ಪಟೆ ಅರದಲ್ಲಿ ತೆಗೀರಿ. ಹೊಸ ಚೈನ್ ತರೋವಾಗ ಹಳೇದನ್ನ ಜೊತೆಗೇ ತಗೊಂಡೋಗಿ, 1.5 ಎಂಎಂ ಅಗಲದ ಸೀಳಿಗೆ 1.3 ಎಂಎಂ ದಪ್ಪದ ಚೈನ್ ಕೊಟ್ರೆ ಅದು ಒಳಗೆ ಓಲಾಡುತ್ತೆ. ಹಾಕೋವಾಗ ಬಾರಿನ ಮೇಲ್ಭಾಗದ ಹಲ್ಲು ತುದಿ ಕಡೆ ನೋಡ್ತಿರ್ಬೇಕು.

ಬಿಗಿ ಮಾಡೋವಾಗ ಬಾರ್ ತುದಿ ಎತ್ತಿ ಹಿಡಿದೇ ಸ್ಕ್ರೂ ತಿರುಗಿಸಿ ನಟ್ ಬಿಗೀರಿ, ಚೈನ್ ಕೆಳಗೆ ಜೋತು ಬೀಳ್ಬಾರ್ದು, ಕೈಲಿ ಎಳೆದ್ರೆ ಸಲೀಸಾಗಿ ಓಡ್ಬೇಕು. ಹೊಸ ಚೈನ್ ಮೊದಲರ್ಧ ಗಂಟೆ ಪದೇ ಪದೇ ಸಡಿಲ ಆಗುತ್ತೆ, ಅದು ಮಾಮೂಲಿ. ಬಿಸಿ ಇದ್ದಾಗ ಬಿಗಿ ಮಾಡಿದ್ರೆ ಸಂಜೆ ಇಡೋವಾಗ ಮರೀದೆ ಸಡಿಲ ಮಾಡಿ, ಆರಿದ ಮೇಲೆ ಚೈನ್ ಕುಗ್ಗಿ ಬಾರನ್ನೂ ಬೇರಿಂಗನ್ನೂ ಎಳೆಯುತ್ತೆ. ಬೆಳಗ್ಗೆ ಮಿಷನ್ ಕೆಳಗೆ ಸ್ವಲ್ಪ ಆಯಿಲ್ ಸುರಿದಿದ್ರೆ ಲೀಕ್ ಅಂತ ಅಂಗಡಿಗೆ ಓಡ್ಬೇಡಿ, ಬಾರಲ್ಲಿ ಉಳಿದಿದ್ದು ಇಳಿದಿರುತ್ತೆ, ಕೆಳಗೊಂದು ಗೋಣಿಚೀಲ ಹಾಕಿಡಿ.