ಬಂಡೆ ಹತ್ತುವ ಬಗ್ಗಿ: ಮನೆಯಂಗಳದಲ್ಲೇ ಕಟ್ಟುವುದು ಹೇಗೆ?

ಚಿತ್ರದುರ್ಗದವರಿಗೆ ಬಂಡೆ ಹೊಸದಲ್ಲ. ಮನೆ ಹಿಂದೆ ಬಂಡೆ, ಶಾಲೆ ಪಕ್ಕ ಬಂಡೆ, ಹೊಲದ ನಡುವೆ ನೇಗಿಲಿಗೆ ಅಡ್ಡ ಬರುವ ಬಂಡೆ. ಅದರ ಮೇಲೆ ಗಾಡಿ ಹತ್ತಿಸಬೇಕು ಅನ್ನುವ ಆಸೆಯಿಂದ ನಾನು, ನನ್ನ ಗೆಳೆಯ ಇಬ್ಬರೂ ಸೇರಿ ಒಂದು ಬಗ್ಗಿ ಕಟ್ಟಿದೆವು. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋದವು. ಬಾಡಿ ಇಲ್ಲ, ಬಾಗಿಲಿಲ್ಲ. ಪೈಪಿನ ಪಂಜರ, ಎರಡು ಸೀಟು, ನಾಲ್ಕೂ ಚಕ್ರಕ್ಕೆ ಎಳೆತ, ಅಷ್ಟೇ.

ನೋಡಲು ಬರುವ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಅಣ್ಣಾ, ಎಷ್ಟು ಸಿಸಿ?' ಬಂಡೆ ಹತ್ತುವ ಗಾಡಿಗೆ ಆ ಪ್ರಶ್ನೆ ಕೊನೆಯದು. ಇದು ಎಷ್ಟು ನಿಧಾನ ಹೋಗುತ್ತದೆ ಅಂತ ಮೊದಲು ಕೇಳಬೇಕು. ವೇಗವಾಗಿ ಬಂಡೆಗೆ ನುಗ್ಗಿದರೆ ಗಾಡಿ ಹಾರುತ್ತದೆ, ಬಿದ್ದ ಹೊಡೆತಕ್ಕೆ ಶಾಫ್ಟ್ ಮುರಿಯುತ್ತದೆ. ಓತಿಕ್ಯಾತದ ಹಾಗೆ ಕಚ್ಚಿಕೊಂಡು ಏರಿದರೆ ಮಾತ್ರ ಮೇಲೆ ತಲುಪುತ್ತೀರಿ.

ಶುರು ಮಾಡುವ ಮುಂಚೆ

ಮನೆಯಲ್ಲಿ ಕಟ್ಟಿದ ಇಂಥ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. ಆದ್ದರಿಂದ ಬಗ್ಗಿಯನ್ನು ಲಾರಿ ಅಥವಾ ಟ್ರೇಲರ್ ಮೇಲೆ ಹೇರಿಕೊಂಡು ಹೋಗಿ, ಒಪ್ಪಿಗೆ ಕೊಟ್ಟವರ ಖಾಸಗಿ ಜಮೀನಿನಲ್ಲಿ ಮಾತ್ರ ಓಡಿಸಬೇಕು. ಕೋಟೆಯ ಬಂಡೆಗಳ ಕಡೆ ತಿರುಗಿಯೂ ನೋಡಬೇಡಿ, ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಜೋಗಿಮಟ್ಟಿ ಕಾಡು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಮೂರನ್ನೂ ಟೈರಿನಿಂದ ದೂರ ಇಡಿ.

ಯಾವ ಗಾಡಿಯ ಸಾಮಾನು?

ಎಂಜಿನ್, ಗೇರ್‌ಬಾಕ್ಸ್, ಹಿಂದು ಮುಂದಿನ ಹೌಸಿಂಗ್ (ಎಡ ಬಲ ಚಕ್ರಗಳ ನಡುವೆ ಆಕ್ಸಲ್ ಕೂರುವ ಕಬ್ಬಿಣದ ಕವಚ) ಎಲ್ಲ ಒಂದೇ ಗಾಡಿಯಿಂದ ಬಂದರೆ ಅರ್ಧ ತಲೆನೋವು ಕಡಿಮೆ. ನಾವು ತೆಗೆದುಕೊಂಡಿದ್ದು ಬಾಡಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ಮಾರುತಿ ಜಿಪ್ಸಿ. ಹಗುರ ಗಾಡಿ, ಬಿಡಿ ಭಾಗ ಇನ್ನೂ ಸಿಗುತ್ತವೆ. ಕೊಳ್ಳುವಾಗ ಆರ್‌ಸಿ ಸರಿಯಾಗಿ ನೋಡಿ, ಗಾಡಿ ಬಿಚ್ಚುವ ಮುಂಚೆ ಆರ್‌ಸಿ ರದ್ದು ಮಾಡಿಸಿ.

ಜಿಪ್ಸಿಯ ದೊಡ್ಡ ಅನುಕೂಲ ಏನೆಂದರೆ, ಫೋರ್ ವೀಲ್ ಹಾಕುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಎಂಜಿನ್ ಎಲ್ಲಿ ಕೂರಬೇಕು ಅನ್ನುವುದರಲ್ಲಿ ಸ್ವಲ್ಪ ಸ್ವಾತಂತ್ರ್ಯ ಸಿಗುತ್ತದೆ.

ನಿಧಾನದ ಲೆಕ್ಕ

ಇದಕ್ಕೆ ಕಾಗದ, ಪೆನ್ನು ಸಾಕು. ಮೂರು ಸಂಖ್ಯೆ ಗುಣಿಸಬೇಕು: ಮೊದಲ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ ಗೇರ್), ಹೌಸಿಂಗಿನ ಕ್ರೌನ್ ಪಿನಿಯನ್ (ಎಳೆತವನ್ನು ಚಕ್ರದ ಕಡೆ ತಿರುಗಿಸುವ ದೊಡ್ಡ, ಸಣ್ಣ ಗೇರಿನ ಜೋಡಿ). ಕ್ರೌನ್ ಪಿನಿಯನ್ ಲೆಕ್ಕವನ್ನು ಯಾರನ್ನೂ ಕೇಳಬೇಕಿಲ್ಲ, ಹಲ್ಲು ಎಣಿಸಿ. ಕ್ರೌನಿನಲ್ಲಿ 43, ಪಿನಿಯನ್‌ನಲ್ಲಿ 11 ಇದ್ದರೆ 43ನ್ನು 11ರಿಂದ ಭಾಗಿಸಿ, 3.9 ಬರುತ್ತದೆ. ಮೊದಲ ಗೇರ್ ಸುಮಾರು 3.65, ಲೋ ಸುಮಾರು 2.27. ಮೂರನ್ನೂ ಗುಣಿಸಿದರೆ 32. ಅಂದರೆ ಎಂಜಿನ್ 32 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು.

31 ಇಂಚಿನ ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡೂವರೆ ಮೀಟರ್ ಹೋಗುತ್ತದೆ. ಆಕ್ಸಿಲರೇಟರ್ ಮುಟ್ಟದೆ, 800 ಆರ್‌ಪಿಎಂನಲ್ಲಿ, ಗಾಡಿ ಗಂಟೆಗೆ ಮೂರೂವರೆ ಕಿಲೋಮೀಟರ್ ಚಿಲ್ಲರೆ ಓಡುತ್ತದೆ. ಆರಾಮಾಗಿ ನಡೆಯುವ ಮನುಷ್ಯನ ವೇಗ. ಕಲಿಯುವವರಿಗೆ ಇದು ಸಾಕು. ದೊಡ್ಡ ಬಂಡೆಗೆ ಇದರ ಅರ್ಧ ವೇಗ ಬೇಕು, ಅದಕ್ಕೆ ಟ್ರಾನ್ಸ್‌ಫರ್ ಕೇಸಿನೊಳಗಿನ ಗೇರ್ ಬದಲಿಸಬೇಕು. ನನ್ನ ಮಾತು ಕೇಳುವುದಾದರೆ, ದೊಡ್ಡ ಎಂಜಿನ್ನಿಗೆ ಇಟ್ಟ ದುಡ್ಡನ್ನು ಇಲ್ಲಿ ಹಾಕಿ.

ಕಣದ ಮೇಲೆ ಚಿತ್ರ

ಪೈಪ್ ತರುವ ಮುಂಚೆ ನಾವು ಮಾಡಿದ ಕೆಲಸ: ರಾಗಿ ಒಕ್ಕುವ ಸಿಮೆಂಟ್ ಕಣದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಗಾಡಿಯನ್ನು ಅದರ ನಿಜ ಅಳತೆಯಲ್ಲೇ ಬರೆದೆವು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.4 ಮೀಟರ್. ಎಂಜಿನ್ ಎಲ್ಲಿ, ರೇಡಿಯೇಟರ್ ಎಲ್ಲಿ, ಕಾಲು ಎಲ್ಲಿ. ಆಮೇಲೆ ಗೆಳೆಯ ಆ ಚಿತ್ರದ ಮೇಲೇ ಮಲಗಿ ಕಾಲು ಮಡಚಿದ. ಕ್ಲಚ್ ಪೆಡಲಿಗೆ ಜಾಗವೇ ಇರಲಿಲ್ಲ! ಸುಣ್ಣದ ಗೆರೆ ಅಳಿಸಿ ಸೀಟನ್ನು ಒಂದು ಗೇಣು ಹಿಂದೆ ಸರಿಸಿದೆವು. ಪೈಪ್ ಕತ್ತರಿಸಿದ ಮೇಲೆ ಇದು ಗೊತ್ತಾಗಿದ್ದರೆ ಒಂದು ತಿಂಗಳ ಕೆಲಸ ಹೋಗುತ್ತಿತ್ತು ಅಲ್ವಾ?

ಬರೆಯುವಾಗ ಒಂದು ನೆನಪಿರಲಿ. ಭಾರದ್ದೆಲ್ಲ ಆದಷ್ಟು ಕೆಳಗೆ, ಆದಷ್ಟು ನಡುವೆ. ಬ್ಯಾಟರಿ, ಸ್ಟೆಪ್ನಿ, ಪೆಟ್ರೋಲ್ ಟ್ಯಾಂಕ್ ಮೇಲಕ್ಕೆ ಹೋದಷ್ಟೂ ಗಾಡಿ ಮಗುಚುವುದು ಸುಲಭ.

ಪಂಜರ

ಇಲ್ಲಿ ಜಿಪುಣತನ ಬೇಡ. ಬೆಸುಗೆ ಗೆರೆ ಇಲ್ಲದ, ಸೀಮ್‌ಲೆಸ್ ಅನ್ನುವ ಪೈಪ್ ಕೇಳಿ ತನ್ನಿ. ಹೊರಗಿನ ಅಡ್ಡಳತೆ 44 ಮಿ.ಮೀ. ಆಸುಪಾಸು, ದಪ್ಪ 3 ಮಿ.ಮೀ. ಮೀಟರಿಗೆ ಮೂರು ಕೆ.ಜಿ. ತೂಗುತ್ತದೆ. 40 ಮೀಟರ್ ಹಿಡಿದರೂ ಪಂಜರ ಸುಮಾರು 120 ಕೆ.ಜಿ. ಅಷ್ಟೇ.

ನೀರಿನ ಜಿಐ ಪೈಪ್ ಖಂಡಿತ ಬೇಡ. ಮೊದಲ ವಾರ ನಾನು ಕೈಗೆ ಸಿಕ್ಕಿದ ಜಿಐ ತುಂಡುಗಳಲ್ಲಿ ವೆಲ್ಡಿಂಗ್ ಅಭ್ಯಾಸ ಮಾಡಿದೆ. ಬಿಳಿ ಹೊಗೆ ಎದ್ದಿತು, ಗಮನ ಕೊಡಲಿಲ್ಲ. ರಾತ್ರಿ ಚಳಿ ಜ್ವರ, ಬಾಯೆಲ್ಲ ತಾಮ್ರ ನೆಕ್ಕಿದ ರುಚಿ. ಪೈಪಿನ ಮೇಲಿನ ಸತುವಿನ ಲೇಪ ಸುಟ್ಟು ಬರುವ ಹೊಗೆಯ ಕೆಲಸ ಅದು.

ಬಗ್ಗಿಸುವುದಕ್ಕೆ ಪೈಪಿನ ಅಳತೆಗೆ ಸರಿಯಾದ ಡೈ ಇರುವ ಬೆಂಡಿಂಗ್ ಮೆಷಿನ್ ಬೇಕು. ಬಗ್ಗಿದ ಜಾಗ ಚಪ್ಪಟೆಯಾದರೆ ಆ ತುಂಡು ಪಂಜರಕ್ಕೆ ಬೇಡ. ಎರಡು ಪೈಪ್ ಸೇರುವ ಕಡೆ ಒಂದರ ತುದಿಯನ್ನು ಮೀನಿನ ಬಾಯಿಯ ಹಾಗೆ ಕತ್ತರಿಸಿ, ಇನ್ನೊಂದರ ಮೈಗೆ ಕೂರಿಸಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಿ. ಸಂದಿಯನ್ನು ವೆಲ್ಡಿಂಗ್‌ನಿಂದ ತುಂಬಿಸುತ್ತೇನೆ ಅನ್ನುವ ವೆಲ್ಡರ್ ಹತ್ತಿರ ಪಂಜರ ಕೊಡಬೇಡಿ.

ಚೌಕ ಸುಮ್ನೆ ತಳ್ಳಿದರೂ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಪಂಜರದ ಪ್ರತಿ ಚೌಕಕ್ಕೂ ಒಂದು ಓರೆ ಪೈಪ್ ಕೊಡಿ. ತಲೆಯ ಮೇಲಿನ ಪೈಪು ಹೆಲ್ಮೆಟ್ಟಿಗಿಂತ ಕನಿಷ್ಠ ನಾಲ್ಕು ಬೆರಳು ಎತ್ತರ ಇರಲಿ. ಮೊದಲು ಎಲ್ಲವನ್ನೂ ಚುಕ್ಕಿ ವೆಲ್ಡ್ ಹಾಕಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಕರ್ಣ ಒಂದೇ ಬಂದ ಮೇಲೆ ಪೂರ್ತಿ ವೆಲ್ಡ್ ಮಾಡಿ. ಆಗಲೂ ಒಂದು ಜಾಯಿಂಟ್ ಎಡಗಡೆ, ಇನ್ನೊಂದು ಬಲಗಡೆ ಅಂತ ಬದಲಿಸುತ್ತಾ ಹೋಗಿ. ಒಂದೇ ಕಡೆ ಶಾಖ ಕೊಟ್ಟರೆ ಪಂಜರ ಆ ಕಡೆಗೆ ಎಳೆದುಕೊಳ್ಳುತ್ತದೆ.

ಅಡಿಭಾಗ

ಮೊದಲ ಬಗ್ಗಿಗೆ ಕಮಾನ್ ಪಟ್ಟಿಯೇ ಸಾಕು. ಕಾಯಿಲ್ ಸ್ಪ್ರಿಂಗ್, ನಾಲ್ಕು ಲಿಂಕ್ ಎಲ್ಲ ಎರಡನೇ ಬಗ್ಗಿಗೆ ಇರಲಿ. ಜಿಪ್ಸಿಯಲ್ಲಿ ಪಟ್ಟಿ ಹೌಸಿಂಗಿನ ಕೆಳಗಿರುತ್ತದೆ. ಅದನ್ನು ಮೇಲಕ್ಕೆ ತಂದರೆ ಕಲ್ಲಿಗೆ ತಗಲುವುದಿಲ್ಲ, ಗಾಡಿಯೂ ಎತ್ತರವಾಗುತ್ತದೆ. ಆದರೆ ಆಗ ಎಳೆತ ಬಿದ್ದಾಗ ಹೌಸಿಂಗ್ ತಿರುಚಿಕೊಳ್ಳಲು ನೋಡುತ್ತದೆ. ಹೌಸಿಂಗಿನಿಂದ ಚಾಸಿಗೆ ಒಂದು ಗಟ್ಟಿ ಪೈಪನ್ನು ಬುಷ್ ಹಾಕಿ ಕಟ್ಟಿ ಅದನ್ನು ಹಿಡಿದಿಡಬೇಕು. ಬುಷ್, ಪಿನ್ನುಗಳನ್ನು ನಾವು ಹರಿಹರದಲ್ಲಿ ಕಡೆಯಿಸಿದೆವು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿತು, ಆದರೆ ಕಣ್ಣಳತೆಯಲ್ಲೇ ಕೆಲಸ ಹೇಳುವ ಟರ್ನರ್‌ಗಳು ಹರಿಹರ, ದಾವಣಗೆರೆ ಕಡೆ ಈಗಲೂ ಸಿಗುತ್ತಾರೆ.

ಇನ್ನು ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಎಳೆತ ಹಂಚುವ ಗೇರುಗಳು. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದೊಂದೇ ಗಿರಗಿರ ತಿರುಗುತ್ತದೆ, ನೆಲದ ಮೇಲಿನ ಚಕ್ರ ಸುಮ್ಮನೆ ನಿಲ್ಲುತ್ತದೆ. ಎರಡೂ ಒಟ್ಟಿಗೆ ತಿರುಗುವ ಹಾಗೆ ಲಾಕರ್ ಹಾಕಬೇಕು, ಇಲ್ಲವೇ ಒಳಗಿನ ಸ್ಪೈಡರ್ ಗೇರ್‌ಗಳನ್ನು ವೆಲ್ಡ್ ಮಾಡಬೇಕು. ವೆಲ್ಡ್ ಮಾಡುವುದಾದರೆ ಹಿಂದಿನದನ್ನು ಮಾತ್ರ ಮಾಡಿ. ಮುಂದಿನದನ್ನೂ ಮಾಡಿದರೆ ಸ್ಟೇರಿಂಗ್ ತಿರುಗಿಸುವುದು ಕಷ್ಟ, ಮುಂದಿನ ಚಕ್ರಕ್ಕೆ ಎಳೆತ ಕೊಡುವ ಜಾಯಿಂಟ್ ಮುರಿಯುವುದೂ ಬೇಗ.

ನಾಲ್ಕು ಪಾಯಿಂಟ್ ಸೀಟ್ ಬೆಲ್ಟು, ಹೆಲ್ಮೆಟ್, ಕೈಗೆಟಕುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಬ್ಯಾಟರಿ ಕಡಿತದ ಸ್ವಿಚ್. ಇವಿಲ್ಲದೆ ಕೀ ತಿರುಗಿಸಬೇಡಿ. ಗಾಡಿ ಮಗುಚುವಾಗ ಕೈ ತಾನಾಗಿ ಹೊರಗೆ ಚಾಚುತ್ತದೆ. ಹಾಗಾಗಿ ಪಕ್ಕಕ್ಕೆ ಬಲೆ ಕಟ್ಟಿ.

ಮೊದಲ ಬಂಡೆ

ಬೆಳಿಗ್ಗೆ ಹೋಗಿ. ನಮ್ಮ ಕಡೆಯ ಗ್ರಾನೈಟ್ ಒಣಗಿದ್ದರೆ ಟೈರನ್ನು ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಆದರೆ ಹಳೇ ಬಂಡೆಯ ಮೇಲ್ಪದರ ಸಿಪ್ಪೆಯಾಗಿ ಏಳುತ್ತದೆ, ಉದುರಿದ ಹರಳು ಟೈರಿನಡಿ ಗೋಲಿಯಂತೆ ಉರುಳುತ್ತದೆ. ಹತ್ತುವ ದಾರಿಯನ್ನು ಮೊದಲು ನಡೆದು ನೋಡಿ, ಕಾಲಿನಿಂದ ಕೆರೆದು ನೋಡಿ. ಟೈರಿನ ಗಾಳಿಯನ್ನು 12 ರಿಂದ 15 ಪಿಎಸ್‌ಐಗೆ ಇಳಿಸಿ. ಸಾಮಾನ್ಯ ರಿಮ್ಮಿಗೆ ಅದಕ್ಕಿಂತ ಕಡಿಮೆ ಮಾಡಿದರೆ ಟೈರು ಕಳಚಿಕೊಳ್ಳಬಹುದು. ದಾರಿ ತೋರಿಸುವವರು ಯಾವತ್ತೂ ಗಾಡಿಯ ಕೆಳಗಿನ ಇಳಿಜಾರಿನಲ್ಲಿ ನಿಲ್ಲಬಾರದು. ಮೊದಲ ದಿನಕ್ಕೆ ಸೊಂಟದೆತ್ತರದ ಬಂಡೆ ಸಾಕು, ಜಾಸ್ತಿ ಬೇಡ.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಇದೆ. ವೆಲ್ಡಿಂಗ್ ಜಾಗಗಳನ್ನು ಒರೆಸಿ ಸೀಮೆಎಣ್ಣೆ ಸವರಿ. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲಿನಂಥ ಕಪ್ಪು ಗೆರೆ ಮೂಡುತ್ತದೆ. ನಮ್ಮ ಬಗ್ಗಿಯಲ್ಲಿ ಮೊದಲ ದಿನವೇ ಎಡಗಡೆ ಹಿಂದಿನ ಬ್ರಾಕೆಟ್ಟಿನಲ್ಲಿ ಅಂಥ ಗೆರೆ ಕಂಡಿತು, ಎರಡು ಬೆರಳಗಲ. ಅದರ ಮೇಲೇ ವೆಲ್ಡಿಂಗ್ ಬಳಿಯಬೇಡಿ, ಮತ್ತೆ ಅಲ್ಲೇ ಬಿಡುತ್ತದೆ. ಗ್ರೈಂಡರ್‌ನಲ್ಲಿ ಬಿರುಕಿನ ಬುಡದವರೆಗೂ ತೆಗೆದು, ಹೊಸದಾಗಿ ವೆಲ್ಡ್ ಮಾಡಿ, ಪಕ್ಕಕ್ಕೊಂದು ತ್ರಿಕೋನದ ತಗಡು ಕೊಟ್ಟು, ಆಮೇಲೆ ಮತ್ತೊಮ್ಮೆ ಸೀಮೆಎಣ್ಣೆ ಸವರಿ ನೋಡಿ.